ಬಿಟ್ಟುಹೋಗದ ಚಿಕಿತ್ಸೆ: ರೋಣ, ನರಗುಂದ, ಗಜೇಂದ್ರಗಡಗಳಲ್ಲಿ ಬಾರ್ಡರ್‌ಲೈನ್ ವ್ಯಕ್ತಿತ್ವ ಅಸ್ವಸ್ಥತೆ

ಮಾತ್ರೆಗಿಂತ ಮಾತು ಹೆಚ್ಚು ಕೆಲಸ ಮಾಡುವ ಮನೋರೋಗಗಳಲ್ಲಿ ಬಾರ್ಡರ್‌ಲೈನ್ ವ್ಯಕ್ತಿತ್ವ ಅಸ್ವಸ್ಥತೆ ಮುಖ್ಯವಾದದ್ದು. ತನ್ನವರು ಬಿಟ್ಟುಹೋಗುತ್ತಾರೆಂಬ ತೀವ್ರ ಭಯ, ಗಳಿಗೆಗೊಂದು ಬಗೆಯ ಭಾವ, ಒಳಗೆಲ್ಲ ಬರಿದಾದಂಥ ಅನುಭವ, ಪದೇ ಪದೇ ತನ್ನನ್ನೇ ಗಾಯಗೊಳಿಸಿಕೊಳ್ಳುವುದು ಇದರ ಲಕ್ಷಣಗಳು. ಈ ಅಸ್ವಸ್ಥತೆಗೆಂದೇ ಔಷಧ ಬಳಸಬಾರದೆಂದು ಬ್ರಿಟನ್ನಿನ ನೈಸ್ ಸಂಸ್ಥೆಯ 2009ರ ಮಾರ್ಗಸೂಚಿ ಹೇಳುತ್ತದೆ. ಹಾಗಿರುವಾಗ ಗದಗ ಜಿಲ್ಲೆಯ ಈ ಮೂರು ತಾಲ್ಲೂಕುಗಳಲ್ಲಿ ಮನೋಚಿಕಿತ್ಸೆಯನ್ನು ಯಾವ ರೂಪದಲ್ಲಿ ಕೊಡಬಹುದು ಎಂಬುದು ಇಲ್ಲಿಯ ಪ್ರಶ್ನೆ.

ಅಮೆರಿಕದ ಮಾರ್ಷಾ ಲಿನೆಹನ್ 1991ರಲ್ಲಿ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿಯ ಮೊದಲ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಒಂದು ವರ್ಷದ ಈ ಚಿಕಿತ್ಸೆ ಪಡೆದ ಮಹಿಳೆಯರಲ್ಲಿ ಸ್ವಹಾನಿ ತಗ್ಗಿತು, ಆಸ್ಪತ್ರೆಯಲ್ಲಿ ಕಳೆಯುವ ದಿನಗಳೂ ಕಡಿಮೆಯಾದವು. ವಾರಕ್ಕೊಮ್ಮೆ ಖಾಸಗಿ ಮಾತುಕತೆ, ವಾರಕ್ಕೊಮ್ಮೆ ಗುಂಪಿನಲ್ಲಿ ಕೌಶಲ ಪಾಠ, ಸಂಕಟದ ಹೊತ್ತಿಗೆ ಫೋನು, ಚಿಕಿತ್ಸಕರಿಗೇ ಒಂದು ಸಮಾಲೋಚನಾ ತಂಡ: ಇಷ್ಟೆಲ್ಲ ಬೇಡುವ ಪದ್ಧತಿಯಿದು. ತಾಲ್ಲೂಕು ಆಸ್ಪತ್ರೆಗೆ ಇದು ಭಾರವೇ. ಆದರೆ 2009ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನವೊಂದು ನಮಗೆ ದಾರಿ ತೋರುತ್ತದೆ. ಶೆಲ್ಲಿ ಮೆಕ್‌ಮೇನ್ ಮತ್ತು ಸಂಗಡಿಗರು 180 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಲಿನೆಹನ್ ಪದ್ಧತಿಯನ್ನೂ ಇನ್ನೊಂದಕ್ಕೆ ಕ್ರಮಬದ್ಧವಾದ ಸಾಮಾನ್ಯ ಮನೋವೈದ್ಯಕೀಯ ಆರೈಕೆಯನ್ನೂ ಒಂದು ವರ್ಷ ಕೊಟ್ಟರು. ಎರಡೂ ಗುಂಪು ಚೇತರಿಸಿಕೊಂಡವು. ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ರೋಗವನ್ನು ಬಲ್ಲವರು ಗೊತ್ತಾದ ದಿನ ತಪ್ಪದೆ ಕೂತು ಮಾತಾಡಿದರೆ ಬಹಳಷ್ಟು ಸಾಧ್ಯ ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ.

ಆ ದಿನ ನಮ್ಮಲ್ಲಿ ಆಗಲೇ ಗೊತ್ತಾಗಿದೆ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವುದು ಮಂಗಳವಾರ. ಬೆಂಬಲಕ್ಕೆ ಧಾರವಾಡದಲ್ಲಿ 1845ರಲ್ಲಿ ಆರಂಭವಾದ, ಇಂದು ಡಿಮ್ಹಾನ್ಸ್ ಎನಿಸಿರುವ ಮಾನಸಿಕ ಆರೋಗ್ಯ ಆಸ್ಪತ್ರೆಯಿದೆ. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯಲ್ಲಿ ಕನ್ನಡದಲ್ಲೇ ಮಾತಾಡಬಹುದು. ತಿಂಗಳ ಮಾತ್ರೆಯನ್ನು ಒಮ್ಮೆಲೇ ಕಟ್ಟಿಕೊಡಬಹುದು, ತಿಂಗಳ ಮಾತನ್ನು ಹಾಗೆ ಕೊಡಲಾಗದು. ಆದ್ದರಿಂದ ಮನೋವೈದ್ಯರ ಒಂದು ಭೇಟಿಗೂ ಇನ್ನೊಂದಕ್ಕೂ ನಡುವಿನ ವಾರಗಳನ್ನು ತರಬೇತಿ ಪಡೆದ ಆಪ್ತಸಮಾಲೋಚಕರು ತುಂಬಬೇಕು.

ಆ ಮಾತು ಈ ನೆಲದ್ದೇ ಆಗಿರಬೇಕು. ಗಜೇಂದ್ರಗಡದ ನೇಕಾರರ ಮನೆಯ ಯುವತಿಯೊಬ್ಬಳನ್ನು ಕಲ್ಪಿಸಿಕೊಳ್ಳೋಣ. ಅವಳನ್ನು ‘ನಿಮ್ಮ ಭಾವನಾತ್ಮಕ ಅಸ್ಥಿರತೆ ಹೇಗಿದೆ’ ಎಂದು ಕೇಳಿದರೆ ಉತ್ತರ ಬರದು. ‘ಅವತ್ತ ಏನಾತು, ಮೊದಲಿಂದ ಹೇಳವಾ’ ಎಂದರೆ ಬರುತ್ತದೆ: ‘ಅಂವಾ ಫೋನ್ ಎತ್ತಲಿಲ್ರಿ. ನನ್ನ ಬಿಟ್ಟಽ ಬಿಟ್ಟ ಅನಿಸ್ತು. ಎದಿ ಝಲ್ಲಂತು. ಜೀವಾ ತಡೀಲಿಲ್ಲ.’ ಘಟನೆಯಿಂದ ಗಾಯದವರೆಗಿನ ಕೊಂಡಿಗಳನ್ನು ಒಂದೊಂದಾಗಿ ಹಿಡಿಯುವ ಸರಪಳಿ ವಿಶ್ಲೇಷಣೆ ಎಂದರೆ ಇದೇ. ಮಗ್ಗದಲ್ಲಿ ಎಳೆ ಹರಿದಾಗ ಅವಳ ಮನೆಯವರು ಬಟ್ಟೆಯನ್ನೇ ಹರಿದೊಗೆಯುವುದಿಲ್ಲ; ಹರಿದ ಜಾಗ ಹುಡುಕಿ ಗಂಟು ಹಾಕುತ್ತಾರೆ. ಫೋನು ಎತ್ತದಿರುವುದಕ್ಕೂ ‘ಬಿಟ್ಟ’ ಎಂಬ ತೀರ್ಮಾನಕ್ಕೂ ನಡುವೆ ಒಂದು ಉಸಿರಿನ ಜಾಗವಿದೆ. ಮುಖಕ್ಕೆ ತಣ್ಣೀರು ಹಾಕಿಕೊಂಡು, ನಿಧಾನ ಉಸಿರಾಡಿ ಆ ಹೊತ್ತನ್ನು ದಾಟುವುದು ಕಲಿಯಬಹುದಾದ ಕೌಶಲ.

ಮನೆಯವರು ಇಂಥ ಸಂಕಟವನ್ನು ‘ನಾಟಕ’ ಎನ್ನುವುದು ನಿಲ್ಲಬೇಕು. ಅವರಿಗೂ ತಿಳಿವಳಿಕೆ ಕೊಡುವುದು ಚಿಕಿತ್ಸೆಯ ಭಾಗವೇ. ಎಲ್ಲಕ್ಕಿಂತ ಮಿಗಿಲಾಗಿ, ಬಿಟ್ಟುಹೋಗುವ ಭಯವೇ ರೋಗದ ತಿರುಳಾಗಿರುವಲ್ಲಿ ತಿಂಗಳಿಗೊಬ್ಬ ಹೊಸ ಸಮಾಲೋಚಕರನ್ನು ಕೂರಿಸಿದರೆ ಗಾಯ ಮತ್ತೆ ತೆರೆಯುತ್ತದೆ. ಕನಿಷ್ಠ ಒಂದು ವರ್ಷ ಅದೇ ಸಮಾಲೋಚಕರು ಅದೇ ಕೋಣೆಯಲ್ಲಿ ಸಿಗುವಂತೆ ನೇಮಕಾತಿ ಆಗಬೇಕು. ‘ಬರೂ ಮಂಗಳವಾರ ಬಾ, ನಾ ಇರತೇನಿ’ ಎಂದವರು ಆ ಮಂಗಳವಾರ ಅಲ್ಲಿ ಇರಬೇಕು.