ಹೊಯ್ಸಳ ಮದನಿಕೆ ಶಿಲ್ಪಗಳಲ್ಲಿ ಉಡುಗೆ-ತೊಡುಗೆ

ಮದನಿಕೆಯರು ಹೊಯ್ಸಳ ದೇವಾಲಯಗಳ ಹೊರಗೋಡೆಯ ಮೇಲ್ಭಾಗದಲ್ಲಿ, ಮುಂಚಾಚಿದ ಚಾವಣಿಯ ಕೆಳಗೆ ಓರೆಯಾಗಿ ನಿಲ್ಲಿಸಿದ ಸ್ತ್ರೀಶಿಲ್ಪಗಳು. ಇವುಗಳನ್ನು ಶಿಲಾಬಾಲಿಕೆಯರು ಎಂದೂ ಕರೆಯುತ್ತಾರೆ. ಇವುಗಳಲ್ಲಿ ಅತ್ಯಂತ ಪ್ರಸಿದ್ಧವಾದವು ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿವೆ. ಹನ್ನೆರಡನೆಯ ಶತಮಾನದ ಕನ್ನಡ ನಾಡಿನ ಉಡುಪು, ಆಭರಣ, ಕೇಶಾಲಂಕಾರ ಮತ್ತು ನೃತ್ಯಗಳ ಅಧ್ಯಯನಕ್ಕೆ ಈ ಶಿಲ್ಪಗಳು ಮುಖ್ಯ ಆಕರಗಳಾಗಿವೆ.

ಹಿನ್ನೆಲೆ

ಹೊಯ್ಸಳರು ಮಲೆನಾಡಿನಿಂದ ಬಂದವರು. ಅವರ ಮೂಲಸ್ಥಾನವಾದ ಸೊಸೆವೂರನ್ನು ಇಂದಿನ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನ ಅಂಗಡಿ ಗ್ರಾಮವೆಂದು ಗುರುತಿಸಲಾಗಿದೆ. ಅಲ್ಲಿಂದ ಬಯಲಿನತ್ತ ಇಳಿದ ಈ ವಂಶದ ವಿಷ್ಣುವರ್ಧನನು 1117ರಲ್ಲಿ ಬೇಲೂರಿನಲ್ಲಿ ಚೆನ್ನಕೇಶವನ ಪ್ರತಿಷ್ಠೆ ಮಾಡಿಸಿದನು. ಈ ದೇವಾಲಯದಲ್ಲಿರುವ 42 ಮದನಿಕೆಯರ ಪೈಕಿ 38 ಹೊರಭಾಗದಲ್ಲಿಯೂ 4 ಒಳಗಿನ ನವರಂಗದಲ್ಲಿಯೂ ಇವೆ. 2023ರಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಈ ಶಿಲ್ಪಗಳಿಗೆ ಬಳಸಿದ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೃದುವಾಗಿದ್ದು, ಗಾಳಿಗೆ ತೆರೆದುಕೊಂಡ ಮೇಲೆ ಗಟ್ಟಿಯಾಗುತ್ತದೆ. ಸರದ ಒಂದೊಂದು ಮಣಿಯನ್ನೂ ಬಿಡಿಸಿ ಕಡೆಯಲು ಸಾಧ್ಯವಾದುದು ಈ ಗುಣದಿಂದಲೇ.

ಉಡುಗೆ ಮತ್ತು ಅಲಂಕಾರ

ಮದನಿಕೆಯರು ಸೊಂಟದಿಂದ ಕೆಳಗೆ ತೆಳುವಾದ ವಸ್ತ್ರವನ್ನು ಧರಿಸಿರುವಂತೆ ತೋರಿಸಲಾಗಿದೆ. ಹಲವೆಡೆ ಬಟ್ಟೆಯ ಅಂಚು ಮತ್ತು ನೆರಿಗೆಗಳಿಂದ ಮಾತ್ರವೇ ಅದರ ಇರುವಿಕೆ ತಿಳಿಯುತ್ತದೆ. ಸೊಂಟಪಟ್ಟಿಯಿಂದ ಇಳಿಬಿದ್ದ ಮಣಿಸರಗಳು ತೊಡೆಯವರೆಗೆ ಜೋತಾಡುತ್ತವೆ. ಕಂಠೀಹಾರ, ತೋಳಬಂದಿ, ಕಡಗ, ಬಳೆ, ದೊಡ್ಡ ಓಲೆ, ಉಂಗುರ ಹಾಗೂ ಕಾಲಂದುಗೆಗಳು ಸಾಮಾನ್ಯವಾಗಿ ಕಂಡುಬರುವ ಆಭರಣಗಳು. ಒಳಗಿನ ಮದನಿಕೆಯೊಬ್ಬಳ ಕೈಬಳೆಯನ್ನು ಅಲುಗಾಡುವಂತೆ ಬಿಡಿಯಾಗಿ ಕಡೆಯಲಾಗಿದೆ. ತಲೆಗೂದಲನ್ನು ದುಂಡನೆಯ ತುರುಬಾಗಿ ಕಟ್ಟಿ ಆಭರಣಗಳಿಂದ ಸಿಂಗರಿಸುವುದು ರೂಢಿಯಲ್ಲಿದ್ದಂತೆ ತೋರುತ್ತದೆ.

ಅಲಂಕಾರವೇ ವಸ್ತುವಾಗಿರುವ ಶಿಲ್ಪಗಳೂ ಇವೆ. ದರ್ಪಣಸುಂದರಿ ಕನ್ನಡಿ ಹಿಡಿದು ತನ್ನನ್ನು ನೋಡಿಕೊಳ್ಳುತ್ತಾಳೆ. ಇನ್ನೊಬ್ಬಳ ಸೆರಗನ್ನು ಕೋತಿಯೊಂದು ಎಳೆಯುತ್ತದೆ. ಗಿಳಿಯೊಡನೆ ಮಾತನಾಡುವ ಶುಕಭಾಷಿಣಿ, ವಾದ್ಯ ನುಡಿಸುವವರು, ಬೇಟೆಗೆ ಹೊರಟವಳು ಮತ್ತು ವಿವಿಧ ಭಂಗಿಗಳ ನರ್ತಕಿಯರೂ ಇದ್ದಾರೆ.

ಆದರೆ ಶಿಲ್ಪದಲ್ಲಿ ಕಾಣುವುದೆಲ್ಲವೂ ನಿತ್ಯದ ಉಡುಪೆಂದು ಭಾವಿಸಲಾಗದು. ಇವು ಆದರ್ಶ ಸೌಂದರ್ಯದ ರೂಪಗಳು. ದೇಹದ ಮೇಲ್ಭಾಗವನ್ನು ಆಭರಣಗಳಿಂದಲೇ ತುಂಬಿಸುವುದು ಶಿಲ್ಪ ಸಂಪ್ರದಾಯ. ಆದ್ದರಿಂದ ಇವುಗಳನ್ನು ಸಮಕಾಲೀನ ಗ್ರಂಥಗಳೊಡನೆ ಹೋಲಿಸಿ ನೋಡುವುದು ಸೂಕ್ತ. ಹೊಯ್ಸಳರು ಆಗ ಯಾರ ಸಾಮಂತರಾಗಿದ್ದರೋ ಆ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು (ಆಳ್ವಿಕೆ 1126–1138) ರಚಿಸಿದ ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ವಸ್ತ್ರ ಮತ್ತು ಆಭರಣಗಳ ಭೋಗವನ್ನು ಕುರಿತ ಪ್ರತ್ಯೇಕ ಭಾಗಗಳಿವೆ.

ಹೆಸರುಗಳ ಪ್ರಶ್ನೆ

ಬೇಲೂರಿನ ಹಲವು ಮದನಿಕೆಯರ ಪೀಠಗಳ ಮೇಲೆ ಶಾಸನಗಳಿವೆ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಮುಂತಾದ ಶಿಲ್ಪಿಗಳ ಹೆಸರುಗಳು, ಪ್ರತಿಸ್ಪರ್ಧಿಗಳನ್ನು ಸೋಲಿಸಿದವರೆಂಬ ಬಿರುದುಗಳು ಅವುಗಳಲ್ಲಿವೆ. ಆದರೆ ಚಿತ್ರಿತಳಾದ ಹೆಣ್ಣು ಯಾರೆಂಬುದನ್ನು ಈ ಶಾಸನಗಳು ಹೇಳುವುದಿಲ್ಲ. ದರ್ಪಣಸುಂದರಿಗೆ ವಿಷ್ಣುವರ್ಧನನ ರಾಣಿ ಶಾಂತಲೆಯೇ ಮಾದರಿಯೆಂಬ ಜನಪ್ರಿಯ ನಂಬಿಕೆಗೆ ಶಾಸನಾಧಾರವಿಲ್ಲ. ಶಾಂತಲೆಯು ಗೀತ, ವಾದ್ಯ, ನೃತ್ಯಗಳಲ್ಲಿ ನಿಪುಣಳೆಂದು ಶಾಸನಗಳು ಹೊಗಳುವುದು ಈ ನಂಬಿಕೆಗೆ ಪುಷ್ಟಿ ಕೊಟ್ಟಿರಬಹುದು.

ಇದಕ್ಕೆ ವ್ಯತಿರಿಕ್ತವಾಗಿ, ಹೆಸರು ಉಳಿದು ರೂಪ ಉಳಿಯದ ನಿದರ್ಶನಗಳೂ ಇವೆ. ಬಾದಾಮಿ ಚಾಲುಕ್ಯ ದೊರೆ ವಿಜಯಾದಿತ್ಯನ (ಆಳ್ವಿಕೆ 696–733) ಪ್ರಾಣವಲ್ಲಭೆಯೆನಿಸಿದ ಗಣಿಕೆ ವಿನಾಪೋಟಿಯು ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಕೊಡೆ ಮತ್ತು 800 ಮತ್ತರು ಭೂಮಿಯನ್ನು ದಾನ ಮಾಡಿದಳೆಂದು ಮಹಾಕೂಟದ ಕನ್ನಡ ಶಾಸನ ತಿಳಿಸುತ್ತದೆ. ಅದೇ ಶಾಸನದಲ್ಲಿ ಆಕೆಯ ತಾಯಿ ಮತ್ತು ಅಜ್ಜಿಯ ಹೆಸರುಗಳೂ ಇವೆ. ಮಧ್ಯಯುಗದ ಶಾಸನಗಳಲ್ಲಿ ದೇವಾಲಯದ ನರ್ತಕಿಯರನ್ನು ‘ಪಾತ್ರ’, ‘ಸೂಳೆ’ ಎಂಬ ಪದಗಳಿಂದ ಸೂಚಿಸಲಾಗಿದೆ. ಎರಡನೆಯ ಪದಕ್ಕೆ ಇಂದು ಅಂಟಿರುವ ನಿಂದೆಯ ಅರ್ಥವನ್ನು ಆ ಕಾಲದ ದಾನಶಾಸನಗಳಿಗೆ ಆರೋಪಿಸುವುದು ಸರಿಯಲ್ಲ.

ಜಪಾನಿನ ಮುದ್ರಣ ಚಿತ್ರಗಳೊಡನೆ ಹೋಲಿಕೆ

ಗಣಿಕೆಯರ ಉಡುಪನ್ನೇ ವಸ್ತುವಾಗಿಸಿಕೊಂಡ ಇನ್ನೊಂದು ಕಲಾಪರಂಪರೆ ಜಪಾನಿನ ಉಕಿಯೊ-ಎ. ಮರದ ಅಚ್ಚಿನಿಂದ ಮುದ್ರಿಸಿದ ಈ ಚಿತ್ರಗಳಲ್ಲಿ ಎದೊ ನಗರದ, ಅಂದರೆ ಇಂದಿನ ಟೋಕಿಯೊದ, ಯೊಶಿವಾರ ಕೇರಿಯ ಗಣಿಕೆಯರು ಹೊಸ ವಿನ್ಯಾಸದ ಕಿಮೊನೊ ಧರಿಸಿ ಕಾಣಿಸಿಕೊಳ್ಳುತ್ತಾರೆ. ಇಸೊದ ಕೊರ್ಯುಸಾಯಿಯು 1770ರ ದಶಕದಲ್ಲಿ ಆರಂಭಿಸಿದ ಚಿತ್ರಮಾಲೆ ಇದಕ್ಕೆ ಪ್ರಸಿದ್ಧ ಉದಾಹರಣೆ. ಕಿತಗಾವ ಉತಮಾರೊ (ಮರಣ 1806) ಕನ್ನಡಿಯೆದುರಿನ ಸ್ತ್ರೀಯರನ್ನು ಚಿತ್ರಿಸಿದನು.

ಎರಡೂ ಪರಂಪರೆಗಳಲ್ಲಿ ಕಲಾವಿದನ ಹೆಸರು ಉಂಟು. ಕನ್ನಡಿ ಮತ್ತು ಕೇಶಾಲಂಕಾರದ ಆಸಕ್ತಿಯೂ ಸಮಾನ. ಆದರೆ ಜಪಾನಿನ ಮುದ್ರಣಗಳು ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದವು. ಅನೇಕ ಚಿತ್ರಗಳ ಮೇಲೆ ಗಣಿಕೆಯ ಮತ್ತು ಆಕೆಯ ಮನೆಯ ಹೆಸರು ಬರೆದಿರುತ್ತಿತ್ತು. ಅವುಗಳಿಂದ ನಿರ್ದಿಷ್ಟ ವರ್ಷಗಳ ಉಡುಪಿನ ಶೈಲಿಯನ್ನೂ ಗುರುತಿಸಬಹುದು. ಮದನಿಕೆಯರು ದೇವಾಲಯದ ಅಂಗ; ಅವರು ತೋರಿಸುವುದು ವರ್ಷವರ್ಷಕ್ಕೆ ಬದಲಾಗುವ ಶೈಲಿಯನ್ನಲ್ಲ, ಒಂದು ಯುಗದ ಸೌಂದರ್ಯದ ಕಲ್ಪನೆಯನ್ನು.

ಚಿಕ್ಕಮಗಳೂರು ಜಿಲ್ಲೆಯ ಇತರ ಆಕರಗಳು

ಬೇಲೂರು ಹಾಸನ ಜಿಲ್ಲೆಗೆ ಸೇರಿದ್ದರೂ ಚಿಕ್ಕಮಗಳೂರು ನಗರದಿಂದ ಸುಮಾರು 25 ಕಿ.ಮೀ. ದೂರದಲ್ಲಿದೆ. ಜಿಲ್ಲೆಯೊಳಗೆ, ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ 1196ರಲ್ಲಿ ನಿರ್ಮಿತವಾದ ಅಮೃತೇಶ್ವರ ದೇವಾಲಯವಿದೆ. ಅಲ್ಲಿನ ರಾಮಾಯಣ, ಮಹಾಭಾರತ ಮತ್ತು ಭಾಗವತದ ಕಥಾಫಲಕಗಳಲ್ಲಿ ಸ್ತ್ರೀಪುರುಷರ ಉಡುಪನ್ನು ಕಥಾಸಂದರ್ಭದೊಳಗೆ ನೋಡಬಹುದು.