ಉಸ್ಮಾನಿಯಾದ ಆವಶ್ಯಕ ವಿಷಯಗಳೂ ಕನ್ನಡದ ಆಯ್ಕೆಯೂ

ಹೈದರಾಬಾದಿನ ಕನ್ನಡಿಗರ ಇತಿಹಾಸವನ್ನು ಬರೆಯಹೊರಟವರು ಸಾಮಾನ್ಯವಾಗಿ ಸಮ್ಮೇಳನಗಳನ್ನೂ ಚಳುವಳಿಗಳನ್ನೂ ಆಧಾರವಾಗಿ ಹಿಡಿಯುತ್ತಾರೆ. 1928ರಲ್ಲಿ ಬಿ. ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಕಲಬುರಗಿಯಲ್ಲಿಯೂ, 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ರಾಯಚೂರಿನಲ್ಲಿಯೂ ನೆರೆದ ಸಾಹಿತ್ಯ ಸಮ್ಮೇಳನಗಳು ಅಂಥ ಬರವಣಿಗೆಯಲ್ಲಿ ತಪ್ಪದೆ ಬರುತ್ತವೆ, ಬರಬೇಕಾದುದೂ ಯುಕ್ತವೆ. ಆದರೆ ಅದೇ ವರ್ಷಗಳಲ್ಲಿ ಕಾಲೇಜು ಸೇರಲು ಬಂದ ಹದಿನಾರು ಹದಿನೇಳು ವಯಸ್ಸಿನ ಹುಡುಗನೊಬ್ಬನು ಪ್ರವೇಶಪತ್ರದಲ್ಲಿ ಯಾವ ವಿಷಯದ ಹೆಸರು ಬರೆದನೆಂಬುದನ್ನು ಯಾರೂ ಇತಿಹಾಸವೆಂದು ಎಣಿಸಿಲ್ಲ. ಸಮ್ಮೇಳನ ಮೂರು ದಿನ ನಡೆಯುತ್ತದೆ. ಪಠ್ಯಕ್ರಮದಲ್ಲಿ ಒಂದು ಭಾಷೆಗೆ ಒದಗಿದ ಸ್ಥಾನ ಮಾತ್ರ ತಲೆಮಾರುಗಳವರೆಗೆ ನಿಲ್ಲುತ್ತದೆ, ಇಲ್ಲವೆ ತಲೆಮಾರುಗಳವರೆಗೆ ಖಾಲಿಯಾಗಿ ಉಳಿಯುತ್ತದೆ. ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಎಲ್ಲರೂ ಓದಲೇಬೇಕೆಂದು ವಿಧಿಸಿದ್ದ ವಿಷಯಗಳಾವುವು, ಅವುಗಳ ನಡುವೆ ಕನ್ನಡಕ್ಕೆ ಉಳಿದ ಎಡೆಯೆಷ್ಟು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಪರಿಶೀಲನೆಯನ್ನು ಸುಲ್ತಾನ್ ಬಜಾರಿನಿಂದ ಆರಂಭಿಸುವುದು ಉಚಿತ. ಕೋಠಿಯ ಸುತ್ತಣ ಪುಸ್ತಕದಂಗಡಿಗಳು ನಗರದ ವಿದ್ಯಾರ್ಥಿಗಳಿಗೆಲ್ಲ ಚಿರಪರಿಚಿತ. ಹೊಸ ಪಠ್ಯಪುಸ್ತಕವಾಗಲಿ ಓದಿ ಮಾರಿದ ಹಳೆಯ ಪ್ರತಿಯಾಗಲಿ ಇಲ್ಲಿ ದೊರೆಯುತ್ತದೆ. ಯಾವ ವಿಷಯಕ್ಕೆ ಯಾವ ವರ್ಷ ಗಿರಾಕಿಗಳೆಷ್ಟೆಂಬುದು ಕುಲಸಚಿವರಿಗಿಂತ ಮೊದಲು ಇಲ್ಲಿನ ಅಂಗಡಿಕಾರರಿಗೆ ತಿಳಿಯುತ್ತದೆಂದರೆ ಅತಿಶಯೋಕ್ತಿಯಾಗಲಾರದು. ಈ ಪೇಟೆಗೆ ಮೊದಲು ರೆಸಿಡೆನ್ಸಿ ಬಜಾರ್ ಎಂಬ ಹೆಸರಿತ್ತು. ಹತ್ತೊಂಬತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಜೇಮ್ಸ್ ಅಕಿಲೀಸ್ ಕರ್ಕ್‌ಪ್ಯಾಟ್ರಿಕನು ಕಟ್ಟಿಸಿದ ಬ್ರಿಟಿಷ್ ರೆಸಿಡೆನ್ಸಿಯ ಮಗ್ಗುಲಲ್ಲಿ ಬೆಳೆದ ಈ ಪೇಟೆ, ನಿಜಾಮರ ರಾಜಧಾನಿಯಲ್ಲಿದ್ದೂ ರೆಸಿಡೆಂಟನ ಆಡಳಿತಕ್ಕೆ ಒಳಪಟ್ಟಿತ್ತು. 1933ರಲ್ಲಿ ಅದು ನಿಜಾಮರಿಗೆ ಮರಳಿ ಸುಲ್ತಾನ್ ಬಜಾರ್ ಎನಿಸಿತು. ಅಲ್ಲಿಯವರೆಗೆ ನಿಜಾಮರ ಪೊಲೀಸರ ಅಧಿಕಾರ ಇಲ್ಲಿ ನೇರವಾಗಿ ನಡೆಯುತ್ತಿರಲಿಲ್ಲವಾದುದರಿಂದ ಸಭೆ ಸೇರಲು, ವಾಚನಾಲಯ ತೆರೆಯಲು ಇತರ ಕಡೆಗಿಂತ ಹೆಚ್ಚು ಅವಕಾಶವಿತ್ತು. 1892ರ ಆರ್ಯಸಮಾಜವೂ 1901ರ ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯವೂ ಈ ಭಾಗದಲ್ಲಿಯೇ ನೆಲೆಗೊಂಡುದು ಆಕಸ್ಮಿಕವಲ್ಲ. ಹಂಪೆಯ ಅರಸನ ಹೆಸರನ್ನು ತೆಲುಗರು ತಮ್ಮ ಗ್ರಂಥಾಲಯಕ್ಕೆ ಇಟ್ಟುಕೊಂಡರು. ಆ ಹೆಸರಿನ ಮೇಲೆ ಸಮಾನ ಹಕ್ಕುಳ್ಳ ಕನ್ನಡಿಗರಿಗೆ ಆಗ ಅಷ್ಟು ದೊಡ್ಡ ಗ್ರಂಥಾಲಯ ಈ ನಗರದಲ್ಲಿ ಇರಲಿಲ್ಲ. ಕಾಚಿಗುಡದಲ್ಲಿ ನೃಪತುಂಗನ ಹೆಸರಿನ ಶಾಲೆ ಹುಟ್ಟಿದ್ದು ಅನಂತರದ ಮಾತು.

ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಸ್ಥಾಪನೆಗೆ ಏಳನೆಯ ನಿಜಾಮರಾದ ಮೀರ್ ಉಸ್ಮಾನ್ ಅಲಿ ಖಾನರು 1917ರಲ್ಲಿ ಫರ್ಮಾನು ಹೊರಡಿಸಿದರು. ಅದಕ್ಕೆ ಆಧಾರವಾದ ಮನವಿಯನ್ನು ಸಿದ್ಧಪಡಿಸಿದವರು ಅಕ್ಬರ್ ಹೈದರಿ. 1918ರಲ್ಲಿ ವಿಧಿವತ್ತಾಗಿ ಸ್ಥಾಪಿತವಾಗಿ, 1919ರಲ್ಲಿ ಗನ್‌ಫೌಂಡ್ರಿಯ ಬಾಡಿಗೆಯ ಕಟ್ಟಡಗಳಲ್ಲಿ ಪಾಠಪ್ರವಚನ ಆರಂಭವಾಯಿತು. ಉನ್ನತ ಶಿಕ್ಷಣವನ್ನೆಲ್ಲ ದೇಶಭಾಷೆಯೊಂದರಲ್ಲಿ ನೀಡಲು ಸಂಕಲ್ಪಿಸಿದ ಭಾರತದ ಮೊದಲ ವಿಶ್ವವಿದ್ಯಾನಿಲಯ ಅದು. ರವೀಂದ್ರನಾಥ ಠಾಕೂರರಂಥವರು ಅದನ್ನು ಹರ್ಷದಿಂದ ಸ್ವಾಗತಿಸಿದರು. ಪಠ್ಯಪುಸ್ತಕಗಳ ಕೊರತೆ ನೀಗಲು ಮೌಲವಿ ಅಬ್ದುಲ್ ಹಕ್ಕರ ನೇತೃತ್ವದಲ್ಲಿ ದಾರುಲ್ ತರ್ಜುಮಾ ಎಂಬ ಅನುವಾದ ಕಾರ್ಯಾಲಯ ಕೆಲಸ ಮಾಡಿತು. ರಸಾಯನಶಾಸ್ತ್ರದಿಂದ ನ್ಯಾಯಶಾಸ್ತ್ರದವರೆಗಿನ ನೂರಾರು ಗ್ರಂಥಗಳು ಉರ್ದುವಿಗೆ ಬಂದವು. ಪಾರಿಭಾಷಿಕ ಪದಗಳು ಅರಬ್ಬಿ ಪಾರಸಿ ಧಾತುಗಳಿಂದ ರೂಪುಗೊಂಡವು. ಕನ್ನಡದಲ್ಲಿ ವಿಜ್ಞಾನ ಬರೆಯಲು ಸಾಧ್ಯವೆ ಎಂದು ಮೈಸೂರಿನಲ್ಲಿ ಇನ್ನೂ ಚರ್ಚೆ ನಡೆಯುತ್ತಿದ್ದಾಗ ಇಲ್ಲಿ ಉರ್ದುವಿನಲ್ಲಿ ಅದು ನಡೆದುಹೋಗಿತ್ತು. ಆ ಸಾಹಸವನ್ನು ಮೆಚ್ಚದೆ ಇರುವುದು ನ್ಯಾಯವಾಗದು. ಆದರೆ ದೇಶಭಾಷೆಯೆಂದರೆ ಯಾರ ಭಾಷೆ ಎಂಬ ಪ್ರಶ್ನೆ ಅಲ್ಲಿಯೇ ಇತ್ತು. ಸಂಸ್ಥಾನದ ಪ್ರಜೆಗಳಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಜನ ತೆಲುಗರು, ಕಾಲುಭಾಗ ಮರಾಠಿಗರು. ಕನ್ನಡಿಗರು ಸುಮಾರು ಎಂಟರಲ್ಲೊಂದು ಪಾಲು. ಉರ್ದು ಮಾತೃಭಾಷೆಯಾಗಿದ್ದವರ ಪ್ರಮಾಣ ಕನ್ನಡಿಗರದಕ್ಕಿಂತ ಹೆಚ್ಚೇನೂ ಇರಲಿಲ್ಲ.

ಇಂದು ಸಾಮಾನ್ಯ ಶಿಕ್ಷಣವೆಂದು ಕರೆಯಲಾಗುವ ಕಲ್ಪನೆ, ಎಂದರೆ ವಿದ್ಯಾರ್ಥಿ ಯಾವ ವಿಶೇಷ ವಿಷಯವನ್ನು ಆರಿಸಿಕೊಂಡಿದ್ದರೂ ಕೆಲವನ್ನು ಎಲ್ಲರೊಡನೆ ಕೂಡಿ ಓದಲೇಬೇಕೆಂಬ ನಿಯಮ, ಆ ಹೆಸರು ಪ್ರಚಾರಕ್ಕೆ ಬರುವ ಮೊದಲೇ ಉಸ್ಮಾನಿಯಾದಲ್ಲಿ ಜಾರಿಯಲ್ಲಿತ್ತು. ಮಾಧ್ಯಮ ಉರ್ದುವಾದರೂ ಇಂಗ್ಲಿಷನ್ನು ಒಂದು ಭಾಷೆಯಾಗಿ ಪ್ರತಿಯೊಬ್ಬನೂ ಕಲಿಯಬೇಕೆಂದು ಫರ್ಮಾನೇ ವಿಧಿಸಿತ್ತು. ಎರಡನೆಯ ಆವಶ್ಯಕ ವಿಷಯ ಇನ್ನೂ ಕುತೂಹಲಕರ: ಸುನ್ನಿ ಮುಸಲ್ಮಾನ ವಿದ್ಯಾರ್ಥಿಗಳಿಗೆ ದೀನಿಯಾತ್, ಎಂದರೆ ಧರ್ಮಶಾಸ್ತ್ರ, ಉಳಿದವರಿಗೆ ಅದರ ಬದಲು ಅಖ್ಲಾಕಿಯಾತ್, ಎಂದರೆ ನೀತಿಶಾಸ್ತ್ರ. ರಾಯಚೂರಿನ ಲಿಂಗಾಯತ ಹುಡುಗನೂ ಬೀದರಿನ ಬ್ರಾಹ್ಮಣ ಹುಡುಗನೂ ನಲಗೊಂಡದ ರೆಡ್ಡಿಯ ಮಗನೂ ಈ ಎರಡನೆಯ ಕೊಠಡಿಯಲ್ಲಿ ಒಟ್ಟಿಗೆ ಕುಳಿತು ಉರ್ದುವಿನಲ್ಲಿ ನೀತಿಪಾಠ ಕೇಳಬೇಕಾಗಿತ್ತು. ವಿದ್ಯೆಯೊಡನೆ ಶೀಲವೂ ಬೆಳೆಯಬೇಕೆಂಬ ಉದ್ದೇಶ ನಿಂದ್ಯವಲ್ಲ. ಆದರೆ ಒಂದೇ ಆವಶ್ಯಕತೆಯನ್ನು ಎರಡು ಕೊಠಡಿಗಳಾಗಿ ಒಡೆದು, ಒಂದಕ್ಕೆ ಧರ್ಮದ ಹೆಸರನ್ನೂ ಇನ್ನೊಂದಕ್ಕೆ ‘ಉಳಿದವರು’ ಎಂಬ ಲಕ್ಷಣವನ್ನೂ ಕೊಟ್ಟಾಗ, ಸಾಮಾನ್ಯ ಶಿಕ್ಷಣದಲ್ಲಿ ಸಾಮಾನ್ಯವೆಂಬುದು ಎಷ್ಟು ಉಳಿಯಿತೆಂಬುದು ವಿಚಾರಾರ್ಹ.

ಉರ್ದುವಾದರೋ ಕಡ್ಡಾಯ ವಿಷಯಗಳ ಪಟ್ಟಿಯಲ್ಲಿ ಕಾಣಿಸಿಕೊಳ್ಳುವ ಅಗತ್ಯವೇ ಇರಲಿಲ್ಲ. ಅದು ಪಟ್ಟಿಯನ್ನು ಬರೆದ ಭಾಷೆ. ಕನ್ನಡ ಇದ್ದದ್ದು ಐಚ್ಛಿಕಗಳ ಸಾಲಿನಲ್ಲಿ, ತೆಲುಗು ಮರಾಠಿಗಳ ಜೊತೆಯಲ್ಲಿ. ಕನ್ನಡ ಮನೆಮಾತಿನ ವಿದ್ಯಾರ್ಥಿಯ ಲೆಕ್ಕಾಚಾರವನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಮನೆಯಲ್ಲಿ ಕನ್ನಡ, ಊರಿನ ಪ್ರಾಥಮಿಕ ಶಾಲೆ ದಾಟಿದೊಡನೆ ಉರ್ದು, ಕಾಲೇಜಿನಲ್ಲಿ ಆವಶ್ಯಕವಾಗಿ ಇಂಗ್ಲಿಷ್, ಇಷ್ಟನ್ನು ಹೊತ್ತ ಮೇಲೆ ಕನ್ನಡವನ್ನೂ ತೆಗೆದುಕೊಳ್ಳಬೇಕಾದರೆ ಇತಿಹಾಸವನ್ನೋ ಅರ್ಥಶಾಸ್ತ್ರವನ್ನೋ ಪಾರಸಿಯನ್ನೋ ಬಿಡಬೇಕು. 1880ರ ದಶಕದಲ್ಲಿಯೇ ಪಾರಸಿಯ ಸ್ಥಾನಕ್ಕೆ ಉರ್ದು ಬಂದು ಆಡಳಿತಭಾಷೆಯಾಗಿದ್ದ ಸಂಸ್ಥಾನದಲ್ಲಿ ತಹಸೀಲಿನ ನೌಕರಿಗಾಗಲಿ ವಕೀಲಿಗಾಗಲಿ ಕನ್ನಡದ ಅಂಕಗಳಿಂದ ಪ್ರಯೋಜನ ಕಡಿಮೆ. ಆದಕಾರಣ ಕನ್ನಡವನ್ನು ಆರಿಸಿಕೊಂಡವನು ಲಾಭವನ್ನು ನೋಡಿ ಆರಿಸಿಕೊಂಡವನಲ್ಲ. ಅಂಥವರು ಕೆಲವರಾದರೂ ಇದ್ದುದರಿಂದ ಡಿ. ಕೆ. ಭೀಮಸೇನರಾಯರಂಥ ವಿದ್ವಾಂಸರಿಗೆ ಅಲ್ಲಿ ಕನ್ನಡದ ಅಧ್ಯಾಪನ ಸಾಧ್ಯವಾಯಿತು. ಅಧ್ಯಾಪಕನಿಲ್ಲದೆ ವಿದ್ಯಾರ್ಥಿ ಬರಲಾರ, ವಿದ್ಯಾರ್ಥಿಯಿಲ್ಲದೆ ಅಧ್ಯಾಪಕನ ಹುದ್ದೆ ನಿಲ್ಲಲಾರದು: ಈ ಸರಳ ಸೂತ್ರದ ಮೇಲೆಯೇ ಮುಂದಿನ ಕಥೆಯೆಲ್ಲ ನಡೆದಿದೆ.

ಈ ಶಿಕ್ಷಣಕ್ರಮದಿಂದ ಬಂದುದೆಲ್ಲ ನಷ್ಟವೇ ಎಂದು ಹೇಳುವ ರೂಢಿ ಕೆಲವರಲ್ಲಿ ಉಂಟು. ಅದು ಸರಿಯಲ್ಲ. ಯಲಬುರ್ಗಿ ಸೀಮೆಯಿಂದ ಬಂದು ಉಸ್ಮಾನಿಯಾದಲ್ಲಿ ಓದಿ, ‘ಕಾವ್ಯಾನಂದ’ರೆಂದು ಕನ್ನಡಕ್ಕೆ ಪರಿಚಿತರಾದ ಸಿದ್ದಯ್ಯ ಪುರಾಣಿಕರ ಬರವಣಿಗೆಯಲ್ಲಿ ಉರ್ದುವಿನ ಸಂಸ್ಕಾರ ಎದ್ದುಕಾಣುವ ಗುಣ. ಹೈದರಾಬಾದ್ ಕರ್ನಾಟಕದ ಒಂದು ತಲೆಮಾರಿನ ಕನ್ನಡಕ್ಕೆ ಆ ಹದ ಬಂದುದು ಬಲವಂತದ ಮಾಧ್ಯಮದಿಂದ. ಬಲವಂತವನ್ನು ಒಪ್ಪದೆಯೂ ಈ ಫಲವನ್ನು ಒಪ್ಪಬಹುದು.

ಉರ್ದು ಮಾಧ್ಯಮ ಬೇಡವೆನಿಸಿದವರಿಗೆ ಬೇರೆ ದಾರಿಗಳಿದ್ದವು, ಹಣವಿದ್ದ ಪಕ್ಷದಲ್ಲಿ. ನಗರದಲ್ಲಿಯೇ ಇದ್ದ ನಿಜಾಮ್ ಕಾಲೇಜು 1947ರವರೆಗೆ ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದು, ಇಂಗ್ಲಿಷಿನಲ್ಲಿ ಪಾಠ ನಡೆಸುತ್ತಿತ್ತು. ಧಾರವಾಡದ ಕರ್ನಾಟಕ ಕಾಲೇಜು ಮುಂಬಯಿ ವಿಶ್ವವಿದ್ಯಾನಿಲಯದ ಅಂಗ. ಮೈಸೂರಿನಲ್ಲಿ 1927ರಲ್ಲಿ ಕನ್ನಡ ಎಂ. ಎ. ತರಗತಿಯೇ ತೆರೆಯಿತು. ಆದರೆ ಅದನ್ನು ತೆರೆದ ಮೈಸೂರಿನಲ್ಲಿಯೂ ಬೋಧನೆಯ ಮಾಧ್ಯಮ ಇಂಗ್ಲಿಷೇ ಆಗಿತ್ತೆಂಬುದನ್ನು ಮರೆಯಬಾರದು. ಕನ್ನಡ ಮಾಧ್ಯಮಕ್ಕೆ ಅಲ್ಲಿ ನಿಜವಾದ ಒತ್ತು ಬಂದುದು 1956ರಿಂದ 1960ರವರೆಗೆ ಕುವೆಂಪು ಅವರು ಉಪಕುಲಪತಿಗಳಾಗಿದ್ದಾಗ. ಇನ್ನು 1938ರ ವಂದೇ ಮಾತರಂ ಚಳುವಳಿಯಲ್ಲಿ ಉಸ್ಮಾನಿಯಾದಿಂದ ಹೊರಹಾಕಲ್ಪಟ್ಟ ವಿದ್ಯಾರ್ಥಿಗಳಿಗೆ ನಾಗಪುರ ವಿಶ್ವವಿದ್ಯಾನಿಲಯ ಆಶ್ರಯ ಕೊಟ್ಟಿತು. ಗೀತೆಯ ಅಭಿಮಾನದಿಂದ ಊರು ಬಿಟ್ಟ ಆ ತರುಣರು ಉರ್ದುವಿನಲ್ಲಿ ಕಲಿತ ಶಾಸ್ತ್ರವನ್ನು ಅಲ್ಲಿ ಇಂಗ್ಲಿಷಿನಲ್ಲಿ ಮತ್ತೆ ಕಲಿಯಬೇಕಾಯಿತು.

1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತದೊಡನೆ ವಿಲೀನವಾಯಿತು. ಉರ್ದು ಮಾಧ್ಯಮ ಹೋಗಿ ಇಂಗ್ಲಿಷ್ ಬಂದಿತು. ಮರುವರ್ಷ, 1924ರಲ್ಲಿ ಆರಂಭವಾಗಿದ್ದ ಮಹಿಳಾ ಕಾಲೇಜು ಕೋಠಿಯ ರೆಸಿಡೆನ್ಸಿ ಕಟ್ಟಡಕ್ಕೆ ಬಂದು ನೆಲೆಸಿತು. ರೆಸಿಡೆಂಟರು ದರ್ಬಾರು ನಡೆಸುತ್ತಿದ್ದ ಕಂಬಸಾಲಿನ ಮನೆಯಲ್ಲಿ ಹೆಣ್ಣುಮಕ್ಕಳು ವಿಷಯಗಳನ್ನು ಆರಿಸಿಕೊಳ್ಳತೊಡಗಿದರು. ಅದೇ 1949ರಲ್ಲಿ ರಾಧಾಕೃಷ್ಣನ್ ಆಯೋಗದ ವರದಿ ಹೊರಬಂದಿತು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯ 1945ರಲ್ಲಿ ಪ್ರಕಟಿಸಿದ್ದ ಸಾಮಾನ್ಯ ಶಿಕ್ಷಣದ ವರದಿ ಲೋಕದ ವಿದ್ವಾಂಸರ ಗಮನ ಸೆಳೆದಿದ್ದ ಕಾಲವದು. ವಿಜ್ಞಾನ ಓದುವವನು ಮಾನವಿಕಗಳನ್ನೂ, ಸಾಹಿತ್ಯ ಓದುವವನು ವಿಜ್ಞಾನದ ತತ್ತ್ವಗಳನ್ನೂ ಅರಿತಿರಬೇಕೆಂದು ಆಯೋಗ ಬಯಸಿತು. ಆಲಿಘರ್, ಬರೋಡ ಮೊದಲಾದೆಡೆಗಳಲ್ಲಿ ಅಂಥ ತರಗತಿಗಳು ನಡೆದವು. ಆದರೆ ದೇಶದ ಬಹುಪಾಲು ಕಾಲೇಜುಗಳಲ್ಲಿ ಆ ಉದಾರ ಕಲ್ಪನೆ ಸೊರಗಿಹೋಯಿತು. ಪರೀಕ್ಷೆಯ ಶ್ರೇಣಿಗೆ ಸೇರದ ವಿಷಯವನ್ನು ನಮ್ಮ ವಿದ್ಯಾರ್ಥಿ ಮನಸ್ಸಿಟ್ಟು ಓದುವುದಿಲ್ಲ. ಬೋಧಕನೂ ಪಾಠ ಹೇಳುವುದಿಲ್ಲ. ಕೊನೆಗೆ ಎಲ್ಲರೂ ಓದಬೇಕಾದ ಭಾಗವಾಗಿ ಗಟ್ಟಿಯಾಗಿ ಉಳಿದದ್ದು ಭಾಷೆ: ಇಂಗ್ಲಿಷ್ ಒಂದು, ದ್ವಿತೀಯ ಭಾಷೆ ಮತ್ತೊಂದು.

ಕನ್ನಡದ ಅದೃಷ್ಟ ಬದಲಾದುದು ಇಲ್ಲಿ. 1956ರ ನವೆಂಬರ್ 1ರಂದು ಸಂಸ್ಥಾನ ಮೂರು ಭಾಗವಾಗಿ ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಅಲ್ಲಿನ ಉನ್ನತ ವಿದ್ಯೆ ಧಾರವಾಡದತ್ತ ತಿರುಗಿತು, 1980ರಲ್ಲಿ ಗುಲ್ಬರ್ಗ ವಿಶ್ವವಿದ್ಯಾನಿಲಯವೂ ಆಯಿತು. ಇದು ಸಂತೋಷದ ಸಂಗತಿಯೆ. ಹೈದರಾಬಾದ್ ನಗರದಲ್ಲಿ ಉಳಿದ ಕನ್ನಡಿಗನ ಮಟ್ಟಿಗೆ ಅದರ ಅರ್ಥ ಬೇರೆ. ನೆನ್ನೆಯವರೆಗೆ ಸಂಸ್ಥಾನದ ಒಂದು ಪ್ರಜಾಭಾಷೆಯಾಗಿದ್ದ ಕನ್ನಡ ಮರುದಿನ ಹೊರರಾಜ್ಯದ ಭಾಷೆಯೆನಿಸಿತು. ಐಚ್ಛಿಕ ತರಗತಿಗೆ ಹುಡುಗರನ್ನು ಕಳುಹಿಸುತ್ತಿದ್ದ ಮೂರು ಜಿಲ್ಲೆಗಳು ಹಿಂದೆ ಸರಿದವು. ವಿಶೇಷ ವಿಷಯವಾಗಿ ಕನ್ನಡವನ್ನು ಓದಬಯಸುವವನು ಕಲಬುರಗಿಗೋ ಧಾರವಾಡಕ್ಕೋ ಹೋಗಬಹುದು. ಇಲ್ಲಿಯೇ ಇದ್ದು ವಾಣಿಜ್ಯವನ್ನೋ ವಿಜ್ಞಾನವನ್ನೋ ಓದುವ ಕನ್ನಡ ಮನೆಯ ಮಗುವಿಗೆ ಕನ್ನಡ ಓದಲು ಇರುವ ಒಂದೇ ಕಿಂಡಿ ಆ ದ್ವಿತೀಯ ಭಾಷೆ. ಹೊರನಾಡ ಕನ್ನಡದ ಆಯುಸ್ಸು ಪಂಡಿತರ ಸಂಶೋಧನೆಗಿಂತ ಹೆಚ್ಚಾಗಿ ಈ ಸಣ್ಣ ಆವಶ್ಯಕತೆಯನ್ನು ಅವಲಂಬಿಸಿದೆಯೆಂದು ಹೇಳಿದರೆ ಪಂಡಿತರು ಮುನಿಯಬಾರದು.

ಆ ಕಿಂಡಿಯಲ್ಲಿ ಕನ್ನಡಕ್ಕೆ ಎದುರಾದ ಪ್ರತಿಸ್ಪರ್ಧಿ ತೆಲುಗಲ್ಲ, ಹಿಂದಿಯೂ ಅಷ್ಟಾಗಿ ಅಲ್ಲ, ಸಂಸ್ಕೃತ. ಕಾಳಿದಾಸನ ಮೇಲಣ ಭಕ್ತಿಯಿಂದ ಅದನ್ನು ಆರಿಸಿಕೊಳ್ಳುವವರು ವಿರಳ. ಉತ್ತರಗಳನ್ನು ಬಹುಮಟ್ಟಿಗೆ ಬೇರೆ ಭಾಷೆಯಲ್ಲಿ ಬರೆಯಲು ಅವಕಾಶವಿದ್ದು, ಅಂಕಗಳು ಧಾರಾಳವಾಗಿ ಬರುತ್ತವೆಂಬುದು ತಂದೆತಾಯಿಗಳೆಲ್ಲ ಬಲ್ಲ ವಿಷಯ. ಕರ್ನಾಟಕದಲ್ಲಿಯೂ ಇದೇ ವ್ಯಾಧಿ ಪ್ರೌಢಶಾಲೆಗಳನ್ನು ಹಿಡಿದು, ಪ್ರಥಮ ಭಾಷೆಯ ವಿವಾದ ಎದ್ದು, 1981ರ ಆರಂಭದಲ್ಲಿ ಗೋಕಾಕ್ ವರದಿಯೂ 1982ರಲ್ಲಿ ರಾಜಕುಮಾರ್ ಅವರು ಮುಂದೆ ನಿಂತ ಚಳುವಳಿಯೂ ಬಂದವು. ವಿ. ಕೃ. ಗೋಕಾಕರು ಅದಕ್ಕೆ ಮುಂಚೆ ಇದೇ ಹೈದರಾಬಾದಿನಲ್ಲಿ, 1958ರಲ್ಲಿ ಸ್ಥಾಪಿತವಾದ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದರು. ದೇಶಕ್ಕೆಲ್ಲ ಇಂಗ್ಲಿಷ್ ಬೋಧಕರನ್ನು ತಯಾರಿಸುತ್ತಿದ್ದವರ ಹೆಸರು ಕನ್ನಡದ ಪ್ರಥಮ ಸ್ಥಾನಕ್ಕೆ ಪರ್ಯಾಯವಾದುದು ವಿಧಿಯ ವಿನೋದ.

ಕಡ್ಡಾಯವೆಂಬ ಮಾತೊಂದರಿಂದಲೇ ಎಲ್ಲ ಸರಿಹೋಗುವುದೆಂದು ತಿಳಿಯುವಂತಿಲ್ಲ. ಪದವಿ ತರಗತಿಗಳಲ್ಲಿ ಕನ್ನಡವನ್ನು ಕಡ್ಡಾಯ ಮಾಡಿ ಕರ್ನಾಟಕ ಸರ್ಕಾರ 2021ರ ಆಗಸ್ಟಿನಲ್ಲಿ ಹೊರಡಿಸಿದ ಆದೇಶಕ್ಕೆ ಉಚ್ಚ ನ್ಯಾಯಾಲಯದ ಮಧ್ಯಂತರ ತಡೆ ಬಂದಿತು. ಆ ಆದೇಶಕ್ಕೆ ಹಿನ್ನೆಲೆಯಾಗಿದ್ದ ನಾಲ್ಕು ವರ್ಷಗಳ ಪದವಿಕ್ರಮವನ್ನೇ 2024ರಲ್ಲಿ ಕೈಬಿಡಲಾಯಿತು. ಉಸ್ಮಾನಿಯಾದ ಅಖ್ಲಾಕಿಯಾತ್ ಸಹ ಕಡ್ಡಾಯವಾಗಿತ್ತು. ಅದರ ನೆನಪು ಇಂದು ಯಾರಿಗಿದೆ? ಸರ್ವೋಚ್ಚ ನ್ಯಾಯಾಲಯದ ನಿರ್ದೇಶನದಿಂದ ಪದವಿ ತರಗತಿಗಳಿಗೆಲ್ಲ ಬಂದ ಪರಿಸರ ಅಧ್ಯಯನವನ್ನು ಪರೀಕ್ಷೆಯ ಹಿಂದಿನ ದಿನ ಓದಿ ಮುಗಿಸುವವರೇ ಹೆಚ್ಚು.

2016ರಿಂದ ತೆಲಂಗಾಣದಲ್ಲಿ ಆಯ್ಕೆಯಾಧಾರಿತ ಕ್ರೆಡಿಟ್ ಪದ್ಧತಿ ಬಂದಿದೆ. ಪದವಿ ಪ್ರವೇಶವೂ ‘ದೋಸ್ತ್’ ಎಂಬ ಅಂತರ್ಜಾಲ ವ್ಯವಸ್ಥೆಯ ಮೂಲಕ ನಡೆಯುತ್ತಿದೆ. ಹಿಂದೆ ಹುಡುಗನು ತಂದೆಯೊಡನೆ ಕಾಲೇಜಿನ ಕಚೇರಿಗೆ ಹೋಗಿ, ಕನ್ನಡವಿದೆಯೆ ಎಂದು ವಿಚಾರಿಸಿ, ಇಲ್ಲವೆಂದರೆ ವಾದಿಸಿ, ನಾಲ್ಕು ಜನ ಗೆಳೆಯರನ್ನು ಕೂಡಿಸಿಕೊಂಡು ತರಗತಿ ತೆರೆಸುವ ಸಾಧ್ಯತೆಯಾದರೂ ಇತ್ತು. ಈಗ ಆಯ್ಕೆಯ ವಿಸ್ತಾರ ಹೆಚ್ಚಿದೆ, ಆದರೆ ಆಯ್ಕೆ ನಡೆಯುವುದು ಪರದೆಯ ಮೇಲಿನ ಪಟ್ಟಿಯೊಳಗೆ ಮಾತ್ರ. ಬೋಧಕನಿಲ್ಲದ ಭಾಷೆಯ ಹೆಸರನ್ನು ಕಾಲೇಜು ಆ ಪಟ್ಟಿಗೆ ಸೇರಿಸಲಾರದು, ಪಟ್ಟಿಯಲ್ಲಿಲ್ಲದ ಭಾಷೆಯನ್ನು ಪರದೆಯ ಮುಂದೆ ಕುಳಿತವನು ಕೇಳಲಾರ. ಕೋಠಿಯ ಮಹಿಳಾ ಕಾಲೇಜು 2022ರಲ್ಲಿ ಸ್ವತಂತ್ರ ವಿಶ್ವವಿದ್ಯಾನಿಲಯವಾಗಿದೆ. ಹೊಸ ವಿಶ್ವವಿದ್ಯಾನಿಲಯಗಳು ತಮ್ಮ ಪಠ್ಯಕ್ರಮದ ಪಟ್ಟಿಗಳನ್ನು ಸಿದ್ಧಪಡಿಸುವ ಆರಂಭದ ವರ್ಷಗಳಲ್ಲಿ ಹೆಸರೊಂದನ್ನು ಸೇರಿಸುವುದು ಸುಲಭ. ಪಟ್ಟಿ ಗಟ್ಟಿಯಾದ ಮೇಲೆ ಸೇರಿಸುವುದು ಎಷ್ಟು ದುಸ್ತರವೆಂಬುದನ್ನು 1919ರಲ್ಲಿ ಗನ್‌ಫೌಂಡ್ರಿಯಲ್ಲಿ ಬರೆದ ಪಟ್ಟಿಯೇ ತೋರಿಸಿದೆ.