ಸ್ಫಟಿಕವಿಜ್ಞಾನ ಚರಿತ್ರೆಯ ಪ್ರದರ್ಶನಗಳು

ಹರಳುಗಳಲ್ಲಿ ಪರಮಾಣುಗಳು ಹೇಗೆ ಜೋಡಣೆಗೊಂಡಿವೆ ಎಂಬುದನ್ನು ತಿಳಿಸುವ ಶಾಸ್ತ್ರ ಸ್ಫಟಿಕವಿಜ್ಞಾನ. ಅದು ಹುಡುಕುವುದು ಕಣ್ಣಿಗೆ ಕಾಣದ್ದನ್ನು. ಹೀಗಾಗಿ ಜನರೆದುರು ಬರುವಾಗಲೆಲ್ಲ ಅದು ಮಾದರಿಗಳನ್ನೋ ನಕ್ಷೆಗಳನ್ನೋ ಆಶ್ರಯಿಸಬೇಕಾಯಿತು. ಫ್ರಾನ್ಸಿನ ರೋಮೆ ದ ಲೀಲ್ 1783ರಲ್ಲಿ ತನ್ನ ಗ್ರಂಥದ ಜೊತೆಗೆ ಸುಟ್ಟ ಮಣ್ಣಿನ ಪುಟ್ಟ ಮಾದರಿಗಳನ್ನು ಒದಗಿಸಿದ. ಅವನ ಕಿರಿಯ ಸಮಕಾಲೀನ ಅಯಿ ಮಾಡಿಸಿದ ಮರದ ಮಾದರಿಗಳಲ್ಲಿ ಕೆಲವು ನೆದರ್ಲೆಂಡ್ಸಿನ ಹಾರ್ಲೆಮ್ ನಗರದ ಟೈಲರ್ಸ್ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಇವೆ.

1912ರಲ್ಲಿ ಎಕ್ಸ್-ಕಿರಣಗಳು ಹರಳಿನಲ್ಲಿ ವಿವರ್ತನೆಗೊಳ್ಳುತ್ತವೆ ಎಂದು ತಿಳಿದ ಮೇಲೆ ಒಳಗಿನ ವಿನ್ಯಾಸವನ್ನೇ ಚಿತ್ರಿಸುವುದು ಸಾಧ್ಯವಾಯಿತು. ಭೂಪಟದಲ್ಲಿ ಬೆಟ್ಟದ ಎತ್ತರ ತೋರಿಸುವ ಗೆರೆಗಳಂತೆ ಎಲೆಕ್ಟ್ರಾನ್ ಸಾಂದ್ರತೆಯನ್ನು ತೋರಿಸುವ ಈ ನಕ್ಷೆಗಳು ನೋಡಲೂ ಸೊಗಸು. ಹರಳಿನಲ್ಲಿ ಒಂದೇ ಘಟಕ ಮತ್ತೆ ಮತ್ತೆ ಬರುವುದರಿಂದ ಅವು ಬಟ್ಟೆಯ ಮೇಲೆ ಅಚ್ಚೊತ್ತಲು ಹೇಳಿ ಮಾಡಿಸಿದಂತಿದ್ದವು. ಕೇಂಬ್ರಿಜ್‌ನ ವಿಜ್ಞಾನಿ ಹೆಲೆನ್ ಮೆಗಾ ಇದನ್ನು ಗಮನಿಸಿ 1946ರಲ್ಲೇ ಲಂಡನ್ನಿನ ವಿನ್ಯಾಸಕಾರರಿಗೆ ಪತ್ರ ಬರೆದಳು. ಆಗ ಯಾರೂ ಮುಂದೆ ಬರಲಿಲ್ಲ. 1949ರಲ್ಲಿ ಸ್ಫಟಿಕವಿಜ್ಞಾನಿ ಕ್ಯಾಥ್ಲೀನ್ ಲಾನ್ಸ್‌ಡೇಲ್ ನೀಡಿದ ಉಪನ್ಯಾಸ ಕೇಳಿದ ಮಾರ್ಕ್ ಹಾರ್ಟ್‌ಲ್ಯಾಂಡ್ ಥಾಮಸ್ ಎಂಬ ಅಧಿಕಾರಿ 28 ತಯಾರಕರನ್ನು ಕೂಡಿಸಿ ‘ಫೆಸ್ಟಿವಲ್ ಪ್ಯಾಟರ್ನ್ ಗ್ರೂಪ್’ ಕಟ್ಟಿದ. ಮೆಗಾ ಅದರ ವೈಜ್ಞಾನಿಕ ಸಲಹೆಗಾರ್ತಿ.

ಗುಂಪಿನ ಫಲ ಜನರಿಗೆ ಕಂಡದ್ದು 1951ರ ‘ಫೆಸ್ಟಿವಲ್ ಆಫ್ ಬ್ರಿಟನ್’ ಉತ್ಸವದಲ್ಲಿ. ಥೇಮ್ಸ್ ದಂಡೆಯ ರೆಗಾಟಾ ರೆಸ್ಟೊರೆಂಟಿನ ಪರದೆ, ರತ್ನಗಂಬಳಿ, ತಟ್ಟೆಗಳ ಮೇಲೆ ಹರಳಿನ ವಿನ್ಯಾಸಗಳು ಮೂಡಿದ್ದವು. ಮೆಗಾಳೇ ಅಭ್ಯಸಿಸಿದ ಆಫ್‌ವಿಲೈಟ್ ಎಂಬ ಖನಿಜ, ಹಿಮೋಗ್ಲೋಬಿನ್, ಇನ್ಸುಲಿನ್ ಎಲ್ಲವೂ ವಿನ್ಯಾಸಗಳಾದವು. ಊಟಕ್ಕೆ ಬಂದವರಲ್ಲಿ ಎಷ್ಟು ಮಂದಿ ಇವನ್ನು ಬರಿಯ ಅಲಂಕಾರವೆಂದುಕೊಂಡರೋ! ವಿಜ್ಞಾನಿಗಳಿಗೇ ಆಗ ಪೂರ್ತಿ ಅರ್ಥವಾಗಿರಲಿಲ್ಲವೆಂಬುದು ಇನ್ನೂ ಸ್ವಾರಸ್ಯದ ಮಾತು. ಇನ್ಸುಲಿನ್ ವಿನ್ಯಾಸಕ್ಕೆ ಆಧಾರವಾದದ್ದು ಡೊರೊಥಿ ಹಾಡ್ಜ್‌ಕಿನ್‌ಳ ನಕ್ಷೆ. ಅಣುವಿನ ರಚನೆ ಬಿಡಿಸಲು ಆಕೆಗೆ 1969ರ ತನಕ ಹಿಡಿಯಿತು. ಗೋಡೆಕಾಗದಕ್ಕೆ ಏರಿದ ಹದಿನೆಂಟು ವರ್ಷಗಳ ಮೇಲೆ ಇನ್ಸುಲಿನ್ ತನ್ನ ಗುಟ್ಟು ಬಿಟ್ಟುಕೊಟ್ಟಿತು! ಹಾಡ್ಜ್‌ಕಿನ್‌ಳ ತಂಡದಲ್ಲಿದ್ದ ಎಂ. ವಿಜಯನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೋಟೀನ್ ಹರಳುಗಳ ಅಧ್ಯಯನಕ್ಕೆ ಬುನಾದಿ ಹಾಕಿದ.

ಉತ್ಸವ ಮುಗಿದ ಮೇಲೆ ಈ ವಿನ್ಯಾಸಗಳು ಬಹುಮಟ್ಟಿಗೆ ಮರೆಗೆ ಸರಿದವು. ಅತ್ತ ಪ್ರಯೋಗಶಾಲೆಗಳ ಮಾದರಿಗಳು ಒಂದೊಂದಾಗಿ ವಸ್ತುಸಂಗ್ರಹಾಲಯ ಸೇರತೊಡಗಿದವು. ಜಾನ್ ಕೆಂಡ್ರೂ 1957ರಲ್ಲಿ ಪ್ಲಾಸ್ಟಿಸಿನ್‌ನಲ್ಲಿ ಮಾಡಿದ ಮಯೊಗ್ಲೋಬಿನ್ ಎಂಬ ಪ್ರೋಟೀನಿನ ಅಂಕುಡೊಂಕು ಮಾದರಿ ಈಗ ಲಂಡನ್ನಿನ ಸೈನ್ಸ್ ಮ್ಯೂಸಿಯಂನಲ್ಲಿದೆ. ವಾಟ್ಸನ್ ಮತ್ತು ಕ್ರಿಕ್‌ರ 1953ರ ಡಿಎನ್ಎ ಮಾದರಿಯ ಮೂಲ ತಗಡುಗಳಲ್ಲಿ ಉಳಿದ ಕೆಲವನ್ನು ಸೇರಿಸಿ ಮತ್ತೆ ಕಟ್ಟಿದ ಮಾದರಿಯೂ ಅಲ್ಲಿಯದೇ. ಅದರ ಮುಂದೆ ನಿಲ್ಲುವವರು ಇದನ್ನು ಮರೆಯಬಾರದು: ನೋಡುತ್ತಿರುವುದು ಪೂರ್ತಿಯಾಗಿ 1953ರ ವಸ್ತುವಲ್ಲ.

2008ರಲ್ಲಿ ಲಂಡನ್ನಿನ ವೆಲ್‌ಕಮ್ ಕಲೆಕ್ಷನ್ ‘ಫ್ರಮ್ ಆಟಮ್ಸ್ ಟು ಪ್ಯಾಟರ್ನ್ಸ್’ ಪ್ರದರ್ಶನದ ಮೂಲಕ ಪ್ಯಾಟರ್ನ್ ಗ್ರೂಪನ್ನು ಮತ್ತೆ ಬೆಳಕಿಗೆ ತಂದಿತು. ವಿಶ್ವಸಂಸ್ಥೆ 2014ನ್ನು ಅಂತರರಾಷ್ಟ್ರೀಯ ಸ್ಫಟಿಕವಿಜ್ಞಾನ ವರ್ಷವೆಂದು ಸಾರಿದಾಗ ಹಲವು ದೇಶಗಳಲ್ಲಿ ಪ್ರದರ್ಶನಗಳು ನಡೆದವು. ಚರಿತ್ರೆಯ ದೃಷ್ಟಿಯಿಂದ ಇವೆಲ್ಲಕ್ಕಿಂತ 2008ರದ್ದೇ ಮಿಗಿಲು. 1951ರಲ್ಲಿ ಅಲಂಕಾರವಾಗಿ ಬಂದು ಮರೆಯಾದ ಬಟ್ಟೆಗಳನ್ನು ಅದು ವಿಜ್ಞಾನದ ದಾಖಲೆಗಳಾಗಿ ತೋರಿಸಿತು.